ಭಾನುವಾರ ರಜೆ ಹಾಕುವ ಹಲ್ಲು

ಮನೆಯಿಂದ (ಕೆಲಸದ ಕೋಣೆಯಿಂದಲ್ಲ, ಅಡುಗೆಮನೆಯಿಂದ)
ಶುಕ್ರವಾರ, ಜನವರಿ ೨೩

ಪ್ರೀತಿಯ ಮೊಲವೇ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತಾ? ದಿನವಿಡೀ ಕಂಡವರ ಬಾಯೊಳಗೆ ಬಗ್ಗಿ ನೋಡುವ ಕೆಲಸ ನಿನ್ನದು, ಮಧ್ಯೆ ಮಧ್ಯೆ ಎದ್ದು ನಾಲ್ಕು ಹೆಜ್ಜೆ ನಡಿ ಅಂತ ಹೇಳಿ ಹೇಳಿ ನನಗೇ ಬೆನ್ನು ನೋವು ಬಂತು. ನಿನ್ನ ಹೆಂಡತಿಯ ಕೆಮ್ಮು ನಿಂತಿತಾ? ಮಗಳು ಹೊಸ ವರ್ಷಕ್ಕೆ ಕಳಿಸಿದ ಕಾರ್ಡು ತಲುಪಿದೆ. ನೀನು ಮಾತು ಬಿಟ್ಟರೂ ಅವಳು ಅತ್ತೆಯನ್ನು ಬಿಟ್ಟಿಲ್ಲ, ಅಷ್ಟರ ಮಟ್ಟಿಗೆ ನಾನು ಪುಣ್ಯ ಮಾಡಿದ್ದೇನೆ. ಆದರೆ ಅಕ್ಷರ ನೋಡಿದರೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೋದ ವರ್ಷ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ ಹುಡುಗಿ ಈ ಸಲ ಕೋಳಿ ಕೆದರಿದ ಹಾಗೆ ಬರೆದಿದ್ದಾಳೆ. "ತಾತನ ಮೇಜು ಈಗ ನಂದು, ಬಾಗಿಲು ಹಾಕ್ಕೊಂಡು ಹೀಟರ್ ಪಕ್ಕ ಕೂತು ಓದ್ತೀನಿ" ಅಂತ ಜಂಬ ಬೇರೆ. ಅಷ್ಟೆಲ್ಲ ಓದಿ ಇದೇನಾ ಬರೆಯೋದು ಅಂತ ಅತ್ತೆ ಕೇಳಿದಳು ಅನ್ನು. ಮಾತೆತ್ತಿದರೆ ಅಳುತ್ತಾಳೆ, ಅಂಗೈ ಕೆಂಪಗಾಗಿ ಸಿಪ್ಪೆ ಏಳುತ್ತಿದೆ, ಸೋಪು ಬದಲಾಯಿಸಿದ್ದೇವೆ ಎಂದು ನಿನ್ನ ಹೆಂಡತಿ ಡಿಸೆಂಬರ್‌ನಲ್ಲಿ ಫೋನ್ ಮಾಡಿದಾಗ ಹೇಳಿದ್ದಳು. ಚಳಿಗೆ ಚರ್ಮ ಒಡೆದಿರಬೇಕು. ಮೂಗಿನ ತುದಿಯ ಸಿಟ್ಟಂತೂ ನಮ್ಮ ಮನೆತನದ ಆಸ್ತಿ, ಅದಕ್ಕೆ ಯಾವ ಸೋಪೂ ಇಲ್ಲ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ಐದು ತಿಂಗಳಾಯಿತು ಕಣೋ. ನಾನು ಆಗಸ್ಟ್‌ನಲ್ಲಿ ಬರೆದ ಕಾಗದದಲ್ಲಿ ಏನಿತ್ತು ಎಂಬುದು ನನಗೆ ಮರೆತಿಲ್ಲ, ಈಚೆಗೆ ಮರೆಯದೆ ಉಳಿದಿರುವ ಕೆಲವೇ ವಿಷಯಗಳಲ್ಲಿ ಅದೂ ಒಂದು. "ನೀನು ಪಾಸಾಗೋಕೆ ನನ್ನ ಬಾಯಿಗೆ ವಿಷ ತುಂಬಿದೆ" ಎಂದು ಬರೆದಿದ್ದೆ. ನಿಜವಾಗಿ ನಡೆದದ್ದು ಏನು? ನೀನು ದಂತವೈದ್ಯದ ಕೊನೆಯ ವರ್ಷದಲ್ಲಿದ್ದೆ, ಪರೀಕ್ಷೆಗೆ ರೋಗಿಗಳನ್ನು ನೀವೇ ಕರೆತರಬೇಕಿತ್ತು, ನಿನ್ನ ಆ ಮೊಲದ ಹಲ್ಲು ನೋಡಿದವರು ಯಾರೂ ನಿನ್ನ ಕೈಗೆ ಬಾಯಿ ಕೊಡಲು ಒಪ್ಪಲಿಲ್ಲ. ನಾನೇ ಹೋಗಿ ಕುರ್ಚಿಯಲ್ಲಿ ಕೂತೆ. ಆರು ಹುಳುಕಿಗೆ ಆರು ಸಿಲ್ವರ್ ಫಿಲ್ಲಿಂಗ್, ಬೆಳ್ಳಿಪುಡಿಗೆ ಪಾದರಸ ಕಲಸಿ ತುಂಬುವುದು. ನಿನ್ನ ಮೇಷ್ಟ್ರು ಟಾರ್ಚ್ ಬಿಟ್ಟು ನೋಡಿ ತಲೆದೂಗಿದರು, ನೀನು ಹೊರಗೆ ಬಂದು ನನ್ನ ಕಾಲು ಮುಟ್ಟಲು ಬಂದೆ, ನಾನು ದವಡೆ ಜೋಮು ಹಿಡಿದಿದ್ದರಿಂದ ಬೈಯಲಾಗದೆ ಬರೀ ತಲೆಯ ಮೇಲೆ ಒಂದು ಕೊಟ್ಟೆ. ಇಪ್ಪತ್ತೊಂದು ವರ್ಷ ಅವು ನನ್ನ ಬಾಯಲ್ಲಿ ತೆಪ್ಪಗೆ ಕೂತಿದ್ದವು.

ಹೋದ ವರ್ಷದ ಚಳಿಗಾಲದಿಂದ ಕೈ ನಡುಗಲು ಶುರುವಾಯಿತು. ಬಿ.ಪಿ. ಮಷೀನ್ ರಿಪೇರಿ ಮಾಡುವವಳಿಗೆ ಕೈ ನಡುಗಿದರೆ ಉಳಿಯಿತೇನು? ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಬೇಕು, ಮುಳ್ಳು ಸರಿಯಾಗಿ ಸೊನ್ನೆಗೆ ನಿಲ್ಲಬೇಕು. ಮುಳ್ಳು ನಿಂತರೆ ನಾನು ನಿಲ್ಲುತ್ತಿರಲಿಲ್ಲ. ಬಾಯಲ್ಲಿ ಸದಾ ತುಕ್ಕು ನೆಕ್ಕಿದ ರುಚಿ, ನಿದ್ದೆ ಇಲ್ಲ, ಒಲೆ ಹಚ್ಚಿದ್ದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡಬೇಕು. ನಿನ್ನ ಭಾವ ಪಾಪ ನಾಲ್ಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಬ್ಬ ಡಾಕ್ಟರ್ ಟೆನ್ಷನ್ ಅಂದರು. ಇನ್ನೊಬ್ಬರು ವಯಸ್ಸು ಅಂದರು, ಐವತ್ತಕ್ಕೆ! ಮೂರನೆಯವರು ನನ್ನ ಮುಖವನ್ನೂ ನೋಡದೆ ನಿನ್ನ ಭಾವನನ್ನು "ಮನೇಲಿ ಏನಾದ್ರೂ ಜಗಳವಾ?" ಎಂದು ಕೇಳಿದರು. ಅಲ್ಲಿಯವರೆಗೆ ಇರಲಿಲ್ಲ, ಅಂದು ಸಂಜೆ ಆಯಿತು. ನಾಲ್ಕನೆಯವರು ಹಲ್ಲಿನ ಡಾಕ್ಟರ್. ಫಿಲ್ಲಿಂಗ್ ಗಟ್ಟಿಯಾಗಿವೆ, ಸುಮ್ಮನೆ ಕೆದಕಬೇಡಿ, ಯಾರು ಹಾಕಿದರೋ ಚೆನ್ನಾಗಿ ಹಾಕಿದ್ದಾರೆ ಎಂದರು. ಆ ಮಾತು ಆಗ ನಿನಗೆ ಬರೆಯಲಿಲ್ಲ, ಈಗ ಬರೆದಿದ್ದೇನೆ.

ಆಮೇಲೆ ಸಿಕ್ಕಿದ್ದೇ ನಮ್ಮ ಗುರುವಾರದ ಗುಂಪು. ಹಲ್ಲಿನ ಪಾದರಸವೇ ತಮ್ಮ ಕಾಯಿಲೆಗೆ ಕಾರಣವಿರಬಹುದು ಎಂಬ ಅನುಮಾನ ಇರುವವರೆಲ್ಲ ವಾರಕ್ಕೊಮ್ಮೆ ಲೈಬ್ರರಿಯ ಹಳೇ ಪೇಪರ್ ಕೋಣೆಯಲ್ಲಿ ಸೇರುತ್ತೇವೆ. ಒಂಬತ್ತು ಜನ, ಏಳು ಕುರ್ಚಿ, ಇಬ್ಬರಿಗೆ ಪೇಪರ್ ಕಟ್ಟುಗಳೇ ಗತಿ. ನಡೆಸುವವರು ಒಬ್ಬ ಹಾಡಿನ ಟೀಚರ್, ನಾಲಿಗೆ ಉರಿಯಿಂದ ಹಾಡು ಬಿಟ್ಟವರು. ನಿನಗೆ ನಗು ಬರಬಹುದು, ನಗಬೇಡ. ಮೊದಲ ದಿನ ನಾನು ಹೇಳಿಕೊಂಡದ್ದನ್ನೆಲ್ಲ ಅವರು ಕೇಳಿ "ನಿಮಗೆ ಆಗ್ತಿರೋದು ನಿಜ. ಯಾಕೆ ಅಂತ ನಮಗೆ ಗೊತ್ತಿಲ್ಲ, ಆದ್ರೆ ನಿಜ" ಎಂದರು. ನಾಲ್ಕು ಡಾಕ್ಟರ್ ಹೇಳದ ಮಾತು. ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಆದರೆ ಅಲ್ಲೂ ತಲೆ ಕೆಡುವುದು ತಪ್ಪಲಿಲ್ಲ. ಒಬ್ಬ ಬೇಕರಿಯವನಿದ್ದಾನೆ, ಫಿಲ್ಲಿಂಗ್ ಎಲ್ಲ ಕೀಳಿಸಿ ಏಳು ತಿಂಗಳಾದರೂ ಅವನಿಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯುವುದಿಲ್ಲ, ಆದರೂ ಬಂದವರಿಗೆಲ್ಲ "ಕೀಳಿಸಿ, ಕೀಳಿಸಿ" ಎನ್ನುತ್ತಾನೆ. ನಾನು ನಿನಗೆ ಬರೆದ ಕಾಗದವನ್ನು ಓದಿ ಹೇಳಿದಾಗ ಚಪ್ಪಾಳೆ ತಟ್ಟಿದವನೂ ಅವನೇ. ನನಗೂ ಆಗ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ? ಬೈಯಲು ಒಬ್ಬ ಮನುಷ್ಯ ಸಿಕ್ಕರೆ ಕಾಯಿಲೆ ಅರ್ಧ ವಾಸಿಯಾದ ಹಾಗಾಗುತ್ತದೆ. ಬರುವ ಮಂಗಳವಾರ ಆರನ್ನೂ ಕೀಳಿಸಲು ದಿನ ಗೊತ್ತು ಮಾಡಿಕೊಂಡು ಬಂದಿದ್ದೆ.

ಗುಂಪಿನಲ್ಲಿ ಒಂದು ಪದ್ಧತಿ ಇದೆ. ಪ್ರತಿಯೊಬ್ಬರೂ ದಿನದಿನದ ಸ್ಥಿತಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಏನು ತಿಂದೆ, ಎಷ್ಟು ಹೊತ್ತು ಮಲಗಿದೆ, ಕೈ ಹೇಗಿತ್ತು, ಬಾಯಿ ಹೇಗಿತ್ತು. ಆದರೆ ತಮ್ಮದನ್ನು ತಾವೇ ಓದುವ ಹಾಗಿಲ್ಲ. ತಮ್ಮ ನೋವನ್ನು ತಾವೇ ಓದಿದರೆ ಒಂದೋ ಹಿಗ್ಗಿಸುತ್ತಾರೆ, ಇಲ್ಲವೇ ನುಂಗುತ್ತಾರೆ ಎಂದು ಟೀಚರ್ ವಾದ. ಅದಕ್ಕೇ ಪಕ್ಕದವರ ಕೈಗೆ ಕೊಟ್ಟು ಓದಿಸಬೇಕು. ನನ್ನ ಪಕ್ಕದಲ್ಲಿ ಯಾವಾಗಲೂ ಕೂರುವುದು ಒಬ್ಬ ನಿವೃತ್ತ ಕಂಡಕ್ಟರ್. ಆ ಮನುಷ್ಯನಿಗೆ ಎಲ್ಲವೂ ಬಸ್ ನಿಲ್ದಾಣವೇ. ಐದು ವಾರದ ಹಿಂದೆ ನನ್ನದನ್ನು ಸ್ಟಾಪ್ ಕೂಗಿದ ಹಾಗೆ ಒಂದೇ ರಾಗದಲ್ಲಿ ಓದತೊಡಗಿದ. ಸೋಮವಾರ ನಡುಕ, ಮಂಗಳವಾರ ನಡುಕ, ಬುಧವಾರ ಲೋಟ ಜಾರಿತು, ಶುಕ್ರವಾರ ತುಕ್ಕು ರುಚಿ, ಶನಿವಾರ ನಡುಕ, ಭಾನುವಾರ ಪರವಾಗಿಲ್ಲ. ಮತ್ತೆ ಸೋಮವಾರ ನಡುಕ. ನಾದಿನಿ ಮನೆಯಲ್ಲಿದ್ದ ಹತ್ತು ದಿನ: ಪರವಾಗಿಲ್ಲ, ಪರವಾಗಿಲ್ಲ, ಚೆನ್ನಾಗಿದೆ, ನಿದ್ದೆ ಬಂತು. ಅಷ್ಟು ಓದಿ ಕನ್ನಡಕ ಮೇಲೆತ್ತಿ ಕೇಳಿದ, "ಅಲ್ಲಾ ತಾಯಿ, ನಿಮ್ಮ ಹಲ್ಲು ಭಾನುವಾರ ರಜೆ ಹಾಕುತ್ತಾ?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ಟಿಕೆಟ್ ನೀವು ನೋಡಿಕೊಳ್ಳಿ ಅಂದು, ನೋಟ್‌ಬುಕ್ ಕಿತ್ತುಕೊಂಡು, ಬಾಗಿಲು ಧಡಾರನೆ ಹಾಕಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಇಳಿಯಿತು, ಮಾತು ಇಳಿಯಲಿಲ್ಲ. ಹಲ್ಲು ಏಳು ದಿನವೂ ನನ್ನ ಬಾಯಲ್ಲೇ ಇರುತ್ತದೆ. ಭಾನುವಾರ ನಾನು ಹೋಗದೇ ಇರುವುದು ಒಂದೇ ಕಡೆಗೆ, ನಮ್ಮ ಕೆಲಸದ ಕೋಣೆಗೆ.

ಈಗ ನೀನು ಹಲ್ಲು ಕಡಿಯುತ್ತಿರುತ್ತೀಯ, ಇಷ್ಟು ಸುಲಭದ್ದು ಇವಳಿಗೆ ಹೊಳೆಯಲಿಲ್ಲವಾ ಎಂದು. ಹೊಳೆಯಲಿಲ್ಲ. ಪಾದರಸದ ಬಿ.ಪಿ. ಮಷೀನ್ ಮುಟ್ಟಿ ನನಗೆ ಎಂಟು ವರ್ಷವಾಯಿತು, ಈಗ ಬರುವುದೆಲ್ಲ ಮುಳ್ಳಿನವು, ಇಲ್ಲವೇ ಸೆಲ್ ಹಾಕುವವು. ಪಾದರಸ ನಮ್ಮ ಮನೆಯಿಂದ ಹೊರಟುಹೋಯಿತು ಎಂದೇ ನನ್ನ ಲೆಕ್ಕ. ಆದರೆ ಅಪ್ಪ ಮೂವತ್ತು ವರ್ಷ ಅದೇ ಕೋಣೆಯಲ್ಲಿ ಆ ಮಷೀನಿನ ಗಾಜಿನ ಕೊಳವೆ ಬಿಚ್ಚಿ, ಪಾದರಸ ಸೋಸಿ, ತುಂಬಿದವರು. ಚೆಲ್ಲಿದ ಹನಿಯನ್ನು ಕಾಗದದಿಂದ ಗೋರಿ ತೆಗೆಯುತ್ತಿದ್ದರು, ಸಿಕ್ಕಿದ್ದು ಸೀಸೆಗೆ, ಸಿಗದ್ದು ಹಲಗೆಯ ಸಂದಿಗೆ. ಎಂಥ ಚಳಿಯಲ್ಲೂ ಕಿಟಕಿ ಮುಚ್ಚಲು ಬಿಡುತ್ತಿರಲಿಲ್ಲ, ನಾವಿಬ್ಬರೂ ನಡುಗುತ್ತಾ ಮೊಂಡು ಮುದುಕ ಎಂದು ಗೊಣಗುತ್ತಿದ್ದೆವಲ್ಲ, ಅದು ಮೊಂಡಲ್ಲ ಕಣೋ. ನಾನು ಮಹಾ ಜಾಣೆ, ಹೋದ ವರ್ಷ ರಸ್ತೆ ಅಗೆದ ದೂಳು ಬರುತ್ತದೆಂದು ಕಿಟಕಿಗೆ ಮೊಳೆ ಹೊಡೆಸಿದೆ, ಮಂಡಿ ನೋವಿಗೆ ಕಾಲ ಬಳಿ ಹೀಟರ್ ಇಟ್ಟುಕೊಂಡೆ. ಹಲಗೆ ಬಿಸಿಯಾಗಿ ಸಂದಿಯಲ್ಲಿದ್ದದ್ದೆಲ್ಲ ಆವಿಯಾಗಿ ನನ್ನ ಮೂಗಿಗೇ ಬಂದಿದೆ. ಮರುದಿನ ಒಂದು ಹಲಗೆ ಎಬ್ಬಿಸಿ ನೋಡಿದೆ. ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಬೆಳ್ಳಿ ಗುಂಡುಗಳು, ನೂರಾರು, ಅಲುಗಾಡಿದವು.

ಕಂಡಕ್ಟರೇ ಕಾರ್ಖಾನೆ ಕೆಲಸಗಾರರ ಕಾಯಿಲೆ ನೋಡುವ ಒಬ್ಬ ಡಾಕ್ಟರ ವಿಳಾಸ ಕೊಟ್ಟ, ನಾನು ಕ್ಷಮೆ ಕೇಳುವ ಮುಂಚೆಯೇ. ಆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ "ಏನು ಕೆಲಸ ಮಾಡ್ತೀರಿ?" ಉಳಿದ ನಾಲ್ಕು ಆಸ್ಪತ್ರೆಯ ಚೀಟಿಯಲ್ಲಿ ಕೆಲಸ ಎಂಬ ಜಾಗದಲ್ಲಿ ನನ್ನನ್ನು ಕೇಳದೆಯೇ ಗೃಹಿಣಿ ಎಂದು ತುಂಬಿದ್ದರು, ಈಗ ತೆಗೆದು ನೋಡಿದೆ. ನಮ್ಮ ಗುಂಪಿನ ಫಾರಂ ಆದರೂ ಕೇಳಿತ್ತೇ? ಅದರಲ್ಲಿ ಹಲ್ಲು ಎಷ್ಟು, ಯಾವ ವರ್ಷ, ಯಾರು ಹಾಕಿದ್ದು, ಇಷ್ಟೇ. ಮೂತ್ರ ಪರೀಕ್ಷೆಯಲ್ಲಿ ಪಾದರಸ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಬಂತು. ಹಲ್ಲಿನ ಫಿಲ್ಲಿಂಗ್‌ನಿಂದ ಇಷ್ಟು ಬರುವುದಿಲ್ಲ, ಅದನ್ನು ಮುಟ್ಟಬೇಡಿ ಎಂದರು. ಹಲಗೆ ಎಬ್ಬಿಸಿದ್ದಕ್ಕೆ ಚೆನ್ನಾಗಿ ಬೈದರು. ಅಳೆಯುವ ಪೆಟ್ಟಿಗೆ ಹಿಡಿದು ಇಬ್ಬರು ಬಂದು ಕೋಣೆಗೆ ಬೀಗ ಹಾಕಿ ಹೋದರು. ಹದಿನೆಂಟು ದಿನದಿಂದ ಒಳಗೆ ಕಾಲಿಟ್ಟಿಲ್ಲ. ನಡುಕ ಇನ್ನೂ ಇದೆ, ತಿಂಗಳುಗಟ್ಟಲೆ ಬೇಕಂತೆ, ಆದರೆ ನಿನ್ನೆ ಸೂಜಿಗೆ ದಾರ ಪೋಣಿಸಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಎಮ್ಮೆ ನೀನು. ಇಷ್ಟು ಹೊತ್ತು ಡಾಕ್ಟರನ್ನು ಬೈದೆ, ಬೇಕರಿಯವನನ್ನು ಬೈದೆ, ಫಾರಂ ಬೈದೆ, ಬೈಯಬೇಕಾದವಳನ್ನು ಮಾತ್ರ ಬಿಟ್ಟೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂದಿದೆ ಎಂದರೆ ಕನ್ನಡಿ ನೋಡುವುದಕ್ಕೂ ಮನಸ್ಸಿಲ್ಲ. ತಪ್ಪಾಯಿತು ಮೊಲ. ನಿನ್ನ ಕೈ ಒಳ್ಳೆಯ ಕೈ. ನಿನ್ನೆ ಗುಂಪಿನಲ್ಲಿ ಎದ್ದು ನಿಂತು ಇದನ್ನೇ ಹೇಳಿದೆ, ಫಾರಂನಲ್ಲಿ ಕೆಲಸದ ಸಾಲು ಸೇರಿಸಲು ಟೀಚರ್ ಒಪ್ಪಿದರು. ಬೇಕರಿಯವನು ಚಪ್ಪಾಳೆ ತಟ್ಟಲಿಲ್ಲ.

ಹೆಂಡತಿಗೆ ನನ್ನ ನೆನಪು ಹೇಳು. ಮಗಳಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ನೀವು ಮೂವರೂ ನೂರು ಕಾಲ ಸುಖವಾಗಿರಿ, ಅದರ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ನನ್ನ ಫೋನ್ ಎತ್ತು.

ನಿನ್ನ ಜಗಳಗಂಟಿ
ಅಕ್ಕ

ತಾ.ಕ. ಲಕೋಟೆಯ ಮೇಲೆ ವಿಳಾಸ ಬರೆಯಲು ಹೋದರೆ ನಿಮ್ಮ ಪಿನ್‌ಕೋಡ್ ನೆನಪಿಗೆ ಬರಲಿಲ್ಲ. ಮಗಳ ಕಾರ್ಡು ತೆಗೆದೆ. ಪಕ್ಕದಲ್ಲೇ ನನ್ನ ನೋಟ್‌ಬುಕ್ ತೆರೆದು ಬಿದ್ದಿತ್ತು. ಎರಡೂ ಒಂದೇ ಕೈಯಲ್ಲಿ ಬರೆದ ಹಾಗಿವೆ ಕಣೋ. ಆ ಕೋಣೆಯಿಂದ ನೀನು ಒಯ್ದ ಅಪ್ಪನ ಮೇಜು! ಅವರು ಕೊಳವೆ ಬಿಚ್ಚುತ್ತಿದ್ದದ್ದೇ ಅದರ ಮೇಲೆ, ಸೀಸೆ ಇಡುತ್ತಿದ್ದದ್ದು ಎಡಗಡೆ ಡ್ರಾಯರ್‌ನಲ್ಲಿ. ಮುಚ್ಚಿದ ಬಾಗಿಲು, ಪಕ್ಕದಲ್ಲಿ ಹೀಟರ್, ಅಳು, ಸಿಪ್ಪೆ ಏಳುವ ಅಂಗೈ. ಸುಮ್ಮಸುಮ್ಮನೆ ಅಳು ಬರುತ್ತದಾ, ಅಂಗೈ ಸಿಪ್ಪೆ ಏಳುತ್ತದಾ ಎಂದು ಆ ಡಾಕ್ಟರ್ ನನ್ನನ್ನೂ ಕೇಳಿದ್ದರು. ನಾನು ಇದೇ ಕಾಗದದ ಮೊದಲಲ್ಲಿ ಅದನ್ನು ತಮಾಷೆ ಮಾಡಿದ್ದೇನೆ. ತಕ್ಷಣ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿನ್ನ ಹೆಂಡತಿಗೆ ಮಾಡಿದೆ. "ಅಕ್ಕಾ, ಮತ್ತೆ ಶುರು ಮಾಡಿದ್ರಾ? ಆವತ್ತು ಇವರ ಕೈ, ಇವತ್ತು ಮಾವನವರ ಮೇಜಾ?" ಎಂದು ಇಟ್ಟುಬಿಟ್ಟಳು, ಆಮೇಲೆ ಸ್ವಿಚ್ ಆಫ್. ಅವಳ ತಪ್ಪಿಲ್ಲ, ಐದು ತಿಂಗಳು ತೋಳ ಬಂತು ತೋಳ ಎಂದು ಕೂಗಿದವಳು ನಾನೇ. ನಾಲ್ಕೂವರೆ ಬಸ್ಸಿಗೆ ಹೊರಟಿದ್ದೇನೆ, ಈ ಕಾಗದ ನಾನೇ ತರುತ್ತೇನೆ, ಡಾಕ್ಟರ ರಿಪೋರ್ಟೂ ಜೊತೆಗಿದೆ. ನೀನು ಬಾಗಿಲು ತೆಗೆಯದಿದ್ದರೆ ಕೆಳಗಿನ ಸಂದಿಯಿಂದ ಒಳಗೆ ತೂರಿಸುತ್ತೇನೆ. ಚಿಕ್ಕಂದಿನಿಂದ ಯಾವ ಕಥೆಯನ್ನೂ ಕೊನೆಯಿಂದಲೇ ಓದುವವನು ನೀನು, ಇದನ್ನೂ ಹಾಗೇ ಓದು. ಮಗುವನ್ನು ಆ ಮೇಜಿನಿಂದ ಎಬ್ಬಿಸು, ಹೀಟರ್ ಆರಿಸು, ಕಿಟಕಿ ತೆಗೆ, ಅವಳನ್ನು ಹೊರಗೆ ಕರೆದುಕೊಂಡು ಬಾ. ನಾನು ಗೇಟಿನ ಹತ್ತಿರ ನಿಂತಿರುತ್ತೇನೆ, ಎಷ್ಟು ಬೇಕಾದರೂ ಬೈಯುವೆಯಂತೆ.