ಹಾಫ್ ಶಟರ್ ಬ್ಯಾಂಡಿನ ವಾರಸುದಾರರು

ಕನ್ನಂವಾರ್ ನಗರ
ವಿಕ್ರೋಳಿ (ಪೂರ್ವ), ಮುಂಬಯಿ
೧೩ ನವೆಂಬರ್ ೧೯೯೧

ಪ್ರೀತಿಯ ವಾರಿಜಾ,

ದೀಪಾವಳಿಯ ಮಾರನೆಯ ದಿನ ನೀನು ಕಾಂದಿವಲಿಯಿಂದ ಹೊರಟು, ದಾದರಿನಲ್ಲಿ ಲೋಕಲ್ ಬದಲಿಸಿ, ಆ ನೂಕುನುಗ್ಗಲಿನಲ್ಲಿ ಚಕ್ಕುಲಿ ಡಬ್ಬವನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದೆ. ಒಂದೇ ಮಾತು ಕೇಳಲು ಬಂದಿದ್ದೆ. ನಿನ್ನ ಮಗ ವಾಮನ ಬ್ಯಾಂಡಿಗೆ ದ್ರೋಹ ಮಾಡಿದವನಲ್ಲ ಎಂದು ನನ್ನ ಮಗ ಜಯಸಿಂಹನಿಗೆ ನಾನು ಹೇಳಬೇಕು, ಅಷ್ಟೇ. ನಾನು ಕಾಫಿ ಕೊಟ್ಟೆ, ನಿನ್ನ ಯಜಮಾನರು ಸದಾನಂದರ ಬಿ.ಪಿ. ವಿಚಾರಿಸಿದೆ, ನಿನ್ನ ಸೀರೆಯ ಅಂಚು ಚೆನ್ನಾಗಿದೆ ಎಂದೆ. ಕೊಟ್ಟವರ ಡಬ್ಬವನ್ನು ಖಾಲಿ ಕಳಿಸಬಾರದು ಎಂಬುದು ಸಹ ನನಗೆ ನೆನಪಾದದ್ದು ನೀನು ಮೆಟ್ಟಿಲಿಳಿದು ಹೋದ ಮೇಲೆ. ಎದುರಿಗೆ ಆಡಲು ಬಾರದ್ದನ್ನು ಈಗ ಬರೆಯಲು ಕೂತಿದ್ದೇನೆ.

ಕಾರ್ಯಕ್ರಮದ ದಿನ ಸದಾನಂದರನ್ನು ಒಬ್ಬರನ್ನೇ ಬಿಟ್ಟು ನೀನು ಬರುವ ಹಾಗಿರಲಿಲ್ಲ, ಅದೇ ನಿನ್ನ ಪುಣ್ಯ. ಏನು ನಡೆಯಿತೆಂದು ಹತ್ತು ಜನ ಹತ್ತು ಥರ ಹೇಳಿರುತ್ತಾರೆ. ನಾನು ಕಂಡದ್ದನ್ನು ಕೇಳು.

ಮುಲುಂಡಿನ ಆ ಹಾಲ್‌ನ ಬಾಗಿಲಲ್ಲೇ ನನಗೆ ಮೊದಲ ವಾಕರಿಕೆ ಬಂತು. ನಮ್ಮ ಮನೆಯವರು ತೀರಿಕೊಂಡು ಐದು ವರ್ಷವಾದ ನೆನಪಿಗೆ ಕಾರ್ಯಕ್ರಮ ಎಂದು ಹುಡುಗರು ಹೇಳಿದ್ದರು. ಒಳಗೆ ಹೋದರೆ ಇವರ ಫೋಟೋ ಅಂಗೈಯಗಲ, ಅದರ ಕೆಳಗೆ ಪಾನ್ ಮಸಾಲಾ ಕಂಪನಿಯ ಬ್ಯಾನರ್ ಹದಿನೈದು ಅಡಿ. ಪ್ರತಿ ಕುರ್ಚಿಯ ಮೇಲೂ ಒಂದೊಂದು ಪೊಟ್ಟಣ ಬಿಟ್ಟಿ. ಕಾರ್ಯಕ್ರಮ ಶುರುವಾಗುವ ಮೊದಲೇ ಜನ ಅದನ್ನು ಜಗಿದು ಗೋಡೆಯ ಮೂಲೆಗಳಲ್ಲಿ ಉಗಿಯುತ್ತಿದ್ದರು. ಊದಿನಕಡ್ಡಿಯ ವಾಸನೆಗೆ ಆ ಉಗುಳಿನ ವಾಸನೆ ಬೆರೆತು ಮೂಗಿಗೆ ಸೆರಗು ಹಿಡಿದು ಕೂರಬೇಕಾಯಿತು.

ಊರಿನಿಂದ ಅಂಗಾರನನ್ನು ಕರೆಸಿದ್ದರು. ನಿಮ್ಮ ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದವನು, ನಮ್ಮ ಬ್ಯಾಂಡಿನ ಡ್ರಮ್ಮನ್ನು ಆರು ವರ್ಷ ಬಾರಿಸಿದವನು. ಅವನಿಗೊಂದು ನೈಲಾನ್ ಶಾಲು ಹೊದಿಸಿ, ಹೆಸರನ್ನು ತಪ್ಪಾಗಿ ಹೇಳಿ, ಫೋಟೋ ತೆಗೆಸಿಕೊಂಡು ಕೆಳಗಿಳಿಸಿದರು. ಡ್ರಮ್ಮಿನ ಕಡೆ ಅವನನ್ನು ಒಂದು ಹೆಜ್ಜೆ ಹೋಗಲು ಬಿಡಲಿಲ್ಲ. ನಿರೂಪಕಿ ಹುಡುಗಿ ಮಾತ್ರ ಪರಂಪರೆ ಮುಂದುವರಿಯುತ್ತಿದೆ ಎಂದು ನಾಲ್ಕು ಸಲ ಹೇಳಿದಳು.

ಪರಂಪರೆ ಅಂತೆ. ಅದು ಹೇಗೆ ಹುಟ್ಟಿತೆಂದು ನಿನಗೂ ನನಗೂ ಗೊತ್ತಲ್ಲ ವಾರಿಜಾ. ಹಡಗಿನಲ್ಲಿ ಅಡುಗೆಯವನಾಗಿದ್ದ ಸದಾನಂದರ ತಮ್ಮ ಎಪ್ಪತ್ತೊಂಬತ್ತರಲ್ಲಿ ಮೂರು ಕ್ಯಾಸೆಟ್ ತಂದ. ಅದು ಹೊರದೇಶದ ರೆಗೇ ಸಂಗೀತ ಎಂದು ಹೆಸರು ಹೇಳಲು ಸಹ ನಮಗೆ ಯಾರಿಗೂ ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟದ ಗಿರಾಕಿಗಳು ಮುಗಿದ ಮೇಲೆ, ಸಂಜೆಯ ಇಡ್ಲಿಗೆ ಮುಂಚೆ, ಹೋಟೆಲಿನ ಶಟರನ್ನು ಅರ್ಧ ಎಳೆದು ಇವರು, ಸದಾನಂದರು, ಅಂಗಾರ ಮೂವರೂ ಬಾರಿಸಲು ಕೂರುತ್ತಿದ್ದರು. ದಾರಿಯವರು ಬಗ್ಗಿ ನೋಡಿ ಹಾಫ್ ಶಟರ್‌ವಾಲೇ ಎಂದು ಕರೆದು ಕರೆದು ಅದೇ ಬ್ಯಾಂಡಿನ ಹೆಸರಾಯಿತು. ನಾನೂ ನೀನೂ ಅಕ್ಕಿ ಆರಿಸುತ್ತಾ ಕೇಳುತ್ತಿದ್ದೆವು.

ಇವರಿಗೆ ಆ ತಾಳ ಹಿಡಿಯಲು ಒಂದು ಮಳೆಗಾಲ ಬೇಕಾಯಿತು. ಮೈಸೂರಿನಲ್ಲಿ ಬಾಲ್ಯದಲ್ಲಿ ಮೃದಂಗ ಕಲಿತವರು, ಮೊದಲನೇ ಪೆಟ್ಟಿಗೆ ಕೈ ತಾನಾಗಿ ಬೀಳುತ್ತಿತ್ತು. ಇಲ್ಲಿ ಮೊದಲನೆಯದನ್ನು ಖಾಲಿ ಬಿಡಬೇಕು, ಭಾರವೆಲ್ಲ ಮೂರನೆಯದರ ಮೇಲೆ. ಮೊದಲು ಹಿಡಿದವನು ಅಂಗಾರ. ಆ ಖಾಲಿ ಜಾಗ ಇದ್ದದ್ದರಿಂದಲೇ ಹಾಡಿಗೆ ಉಸಿರು ಇತ್ತು ಎಂದು ಇವರು ಹೇಳುತ್ತಿದ್ದರು. ಈಗಿನ ಹುಡುಗರ ಕೈಗೆ ಆ ಜಾಗ ಕೊಟ್ಟರೆ ಅಲ್ಲೊಂದು ಕರೆಂಟ್ ಡ್ರಮ್ಮು, ಒಂದು ಸೀಟಿ, ಒಂದು ಹೋ ಎಂಬ ಕೂಗು ತುಂಬಿ ಬಿಡುತ್ತಾರೆ. ಗಣಪತಿ ಮಂಟಪದ ಡಿಸ್ಕೋಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಒಬ್ಬನಿಗೆ ಮಾತ್ರ ಅದು ಬರುತ್ತದೆ. ಸದಾನಂದರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಮಂಚದ ಮೇಲೆ ಮಲಗಿಯೇ ಬಾಸ್ ಗಿಟಾರಿನ ಒಂದೊಂದು ಸ್ವರವನ್ನೂ ಬಾಯಲ್ಲಿ ಹೇಳಿ, ತಪ್ಪಿದರೆ ಎಡಗೈಯಲ್ಲಿ ಮಂಚ ಬಡಿದು, ಮಗನಿಗೆ ಕಲಿಸಿದರಲ್ಲ. ವಾಮನ ಬಾರಿಸುವಾಗ ಕಣ್ಣು ಮುಚ್ಚಿದರೆ ನನಗೆ ನಿಮ್ಮ ಹೋಟೆಲಿನ ಒದ್ದೆ ನೆಲದ ವಾಸನೆ ಬರುತ್ತದೆ. ಇದನ್ನು ನಿನ್ನನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ.

ನನ್ನ ಮಗನ ವಿಷಯಕ್ಕೆ ಬರುತ್ತೇನೆ. ಹೆತ್ತವಳು ಹೇಳಬಾರದು, ಆದರೂ ಹೇಳುತ್ತೇನೆ: ಜಯಸಿಂಹನಿಗೆ ಕಂಠವಿಲ್ಲ. ಅವನಿಗೂ ಅದು ಗೊತ್ತು. ಅದಕ್ಕೇ ಎಂಬತ್ನಾಲ್ಕರಲ್ಲಿ ಸ್ಟುಡಿಯೋದಲ್ಲಿ ಮಾಡಿದ ಇವರ ಟೇಪನ್ನು ಪೆಟ್ಟಿಗೆಯಿಂದ ತೆಗೆದ. ಹಾಡು, ಗಿಟಾರು, ಡ್ರಮ್ಮು ಎಲ್ಲ ಅದರಿಂದಲೇ ಬರುವುದು, ವೇದಿಕೆಯ ಮೇಲೆ ಹುಡುಗರು ಬಾಯಿ ಆಡಿಸಿ ಕೈ ಕುಣಿಸುವುದು ಎಂದು ತೀರ್ಮಾನವಾಯಿತು. ವಾಮನ ಒಬ್ಬನೇ ಬೇಡವೆಂದ. ಬಾರಿಸಲು ಬಂದರೆ ಬಾರಿಸೋಣ, ಬಾರದಿದ್ದರೆ ಹಾಲ್ ಬುಕ್ ಮಾಡುವುದು ಬೇಡ ಎಂದ. ನಾನೂ ಒಲೆಯ ಬಳಿಯಿಂದ ಎರಡು ಮಾತು ಸೇರಿಸಿದೆ. ಅದಕ್ಕೆ ನನ್ನ ಮಗ ಹೇಳಿದ್ದು, "ಪಬ್ಲಿಕ್‌ಗೆ ಏನ್ ಗೊತ್ತಾಗುತ್ತೆ ಅಮ್ಮಾ, ಸಬ್ ಚಲ್ತಾ ಹೈ." ಹಾಗೆ ಎದುರು ಮಾತಾಡಿದ ತಪ್ಪಿಗೆ ವಾಮನನನ್ನು ಬಾಸ್ ಗಿಟಾರಿನಿಂದ ಎಬ್ಬಿಸಿ, ಪರದೆಯ ಹಿಂದೆ ಟೇಪ್ ಡೆಕ್ಕಿನ ಬಟನ್ ಒತ್ತುವ ಕೆಲಸಕ್ಕೆ ಕೂರಿಸಿದರು. ಸದಾನಂದರ ಗಿಟಾರನ್ನು ಪಕ್ಕದ ಬಿಲ್ಡಿಂಗಿನ ಯಾವನೋ ಹುಡುಗ ಕೊರಳಿಗೆ ಹಾಕಿಕೊಂಡ. ತಂತಿ ಮುಟ್ಟಲೂ ಬಾರದವನು.

ಮುಂದಿನ ಪರದೆ ಎದ್ದಿತು. ನನ್ನ ಮಗ ಲಾಲ್‌ಬಾಗಿನ ನಾಟಕದ ಅಂಗಡಿಯಿಂದ ತಂದ ಉಲ್ಲನ್ ಜಡೆಗಳ ಟೋಪನ್ ಹಾಕಿಕೊಂಡು, ಕ್ಯಾಸೆಟ್ಟಿನ ಚಿತ್ರದಲ್ಲಿರುವ ರೆಗೇ ಹಾಡುಗಾರರ ಹಾಗೆ ಕೆಂಪು ಹಳದಿ ಹಸಿರು ಪಟ್ಟಿ ಕಟ್ಟಿಕೊಂಡು ನಿಂತಿದ್ದ. ಅವನ ಅಪ್ಪ ಜನ್ಮದಲ್ಲಿ ಅಂಥ ವೇಷ ಹಾಕಿದವರಲ್ಲ. ಡ್ರಾಫ್ಟ್ಸ್‌ಮನ್ ಕೆಲಸದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲ್, ನಡುನೆತ್ತಿಯಲ್ಲಿ ಬೋಳು, ಹಾಗೇ ನಿಂತು ಹಾಡುತ್ತಿದ್ದರು. ಜನ ಮೊದಮೊದಲು ನಗುತ್ತಿದ್ದರು, ಆಮೇಲೆ ಅವರ ಕಾಲು ತಾನಾಗಿ ಆಡತೊಡಗುತ್ತಿತ್ತು.

ಮೂರನೆಯ ಹಾಡು ನಮ್ಮ ನಲ್ಲಿ ಹಾಡು. ನಸುಕಿನಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರ ಮೇಲೆ ಇವರು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಕಟ್ಟಿದ್ದು. ಎರಡನೆಯ ಚರಣ ಮುಗಿಯುವ ಹೊತ್ತಿಗೆ ಇವರ ದನಿ ಇದ್ದಕ್ಕಿದ್ದಂತೆ ದಪ್ಪವಾಗಿ, ಎಳೆದುಕೊಂಡು, ನಿಂತೇಹೋಯಿತು. ವೇದಿಕೆಯ ಮೇಲೆ ನನ್ನ ಮಗನ ಬಾಯಿ ಇನ್ನೂ ಆಡುತ್ತಿತ್ತು. ಡ್ರಮ್ಮಿನವನ ಕೋಲು ಮೇಲೆ ಕೆಳಗೆ ಹೋಗುತ್ತಿತ್ತು, ಸದ್ದಿಲ್ಲ. ಐನೂರು ಜನ ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ. ಯಾರೋ ಪಾನ್ ಮಸಾಲಾ ಪೊಟ್ಟಣ ಎಸೆದರು. ಒಂದು ಇವರ ಫೋಟೋಗೆ ತಗುಲಿತು.

ಜಯಸಿಂಹ ಪರದೆಯ ಹಿಂದಕ್ಕೆ ಓಡಿದಾಗ ಟೇಪ್ ಡೆಕ್ಕಿನ ಪ್ಲಗ್ ವಾಮನನ ಕೈಯಲ್ಲಿತ್ತು. ಯಾಕೆ ಕಿತ್ತೆ ಎಂದು ಕೇಳಿದರೆ ಕಿತ್ತಿಲ್ಲ ಎಂದನಂತೆ. ಮತ್ತೆ ಯಾರು ಕಿತ್ತರು ಎಂದರೆ ಮಾತಿಲ್ಲ. ಮೊದಲೇ ಬೇಡವೆಂದು ಜಗಳವಾಡಿದವನು, ಕೈಯಲ್ಲಿ ಪ್ಲಗ್ಗು. ಇನ್ನೇನು ಸಾಕ್ಷಿ ಬೇಕು ಎಂದು ಎಲ್ಲರೂ ಸೇರಿ ಅವನನ್ನು ಬ್ಯಾಂಡಿನಿಂದ ಹೊರಗೆ ಹಾಕಿದರು. ಗಿಟಾರು ಬ್ಯಾಂಡಿನ ಆಸ್ತಿ ಎಂದು ಅದನ್ನೂ ಇಟ್ಟುಕೊಂಡರು. ಮುಂದಿನ ತಿಂಗಳು ಪವಾಯಿಯ ಇಂಜಿನಿಯರಿಂಗ್ ಹುಡುಗರ ಹಬ್ಬದಲ್ಲಿ ಬಾರಿಸಲು ವಾಮನನಿಗೆಂದೇ ಬಂದಿದ್ದ ಕರೆಯನ್ನು ಸಹ ತಪ್ಪಿಸಿದರು. ಈಗ ಅವನು ಹೋಟೆಲಿನ ಗಲ್ಲಾದ ಮೇಲೆ ಕೂತು ಯಾರೊಡನೆಯೂ ಮಾತಾಡುತ್ತಿಲ್ಲ, ಊಟ ಸರಿಯಾಗಿ ಮಾಡುತ್ತಿಲ್ಲ, ಇನ್ನು ಗಿಟಾರು ಮುಟ್ಟುವುದಿಲ್ಲ ಎಂದು ಅಪ್ಪನ ಎದುರೇ ಹೇಳಿದ ಎಂದೆಯಲ್ಲ. ಸದಾನಂದರು ಮುಖ ಗೋಡೆಗೆ ತಿರುಗಿಸಿಕೊಂಡರು ಎಂದೂ ಹೇಳಿದೆ. ಆಗ ನಾನು ನಿನ್ನ ಸೀರೆಯ ಅಂಚಿನ ಮಾತು ತೆಗೆದೆ.

ವಾಮನ ಅಂಥವನಲ್ಲ, ಅದು ನನಗೂ ಗೊತ್ತು. ಆದರೆ ನಾನು ಮೊದಲ ಸಾಲಿನಲ್ಲಿ ಅಂಗಾರನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು, ಪರದೆಯ ಹಿಂದೆ ನಡೆದದ್ದಕ್ಕೆ ನಾನು ಏನು ಹೇಳಲಿ. ಆ ಹಾಲ್‌ನ ವೈರುಗಳೆಲ್ಲ ಹಳೆಯವು, ಇಲಿಗಳೂ ಇವೆ. ಯಾರದೋ ಕಾಲು ತಾಗಿ ಪ್ಲಗ್ ಕಳಚಿರಬಹುದು. ಜಯಸಿಂಹ ಸ್ವಲ್ಪ ತಣ್ಣಗಾಗಲಿ, ಸಮಯ ನೋಡಿ ಮಾತಾಡುತ್ತೇನೆ. ಹುಡುಗರ ಜಗಳ, ದೊಡ್ಡವರು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಸದಾನಂದರಿಗೆ ನನ್ನ ನಮಸ್ಕಾರ ತಿಳಿಸು. ಔಷಧಿ ತಪ್ಪಿಸಬೇಡ.

ನಿನ್ನ
ಸುಮಿತ್ರಕ್ಕ

ಮರೆತ ಮಾತು:

ವಾರಿಜಾ, ಮರೆತದ್ದಲ್ಲ. ಹೆಸರು ಬರೆದು ಕಾಗದ ಮಡಚಿದೆ, ಅಂಟು ಹಚ್ಚಲು ಕೈ ಬರಲಿಲ್ಲ. ಹರಿದು ಬೇರೆ ಬರೆಯಬಹುದಿತ್ತು. ನಾನು ಎಂಥವಳೆಂದು ನಿನಗೆ ತಿಳಿಯಲಿ ಎಂದು ಮೇಲಿನದನ್ನು ಹಾಗೇ ಬಿಟ್ಟಿದ್ದೇನೆ. ಇಲಿಯ ಮಾತು ಸುಳ್ಳು, ಮೊದಲ ಸಾಲಿನ ಮಾತು ಸುಳ್ಳು. ಪ್ಲಗ್ ಕಿತ್ತವಳು ನಾನು.

ನಲ್ಲಿ ಹಾಡಿಗೆ ಮುಂಚೆ ಎದ್ದು ಪರದೆಯ ಹಿಂದೆ ಹೋಗಿದ್ದೆ. ಆ ಟೇಪಿನಲ್ಲಿ ಎರಡನೆಯ ಚರಣದ ಕೊನೆಯಲ್ಲಿ ಇವರು ಕೆಮ್ಮುತ್ತಾರೆ. ಎದೆಯ ಕಾಯಿಲೆ ಆಗಲೇ ಶುರುವಾಗಿತ್ತು, ಸ್ಟುಡಿಯೋದಲ್ಲಿ ಇನ್ನೊಮ್ಮೆ ಹಾಡುವ ಶಕ್ತಿ ಇರಲಿಲ್ಲ, ಹಾಗೇ ಉಳಿಯಿತು. ಆ ಕೆಮ್ಮನ್ನು ಜಯಸಿಂಹ ಮೂರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡುವುದನ್ನು ನೋಡಿದ್ದೆ. ಮುಷ್ಟಿಯನ್ನು ಬಾಯಿಗೆ ಹಿಡಿಯುವುದು, ಭುಜ ಬಗ್ಗಿಸುವುದು, ಆಮೇಲೆ ಸಣ್ಣದಾಗಿ ನಗುವುದು. ವೇದಿಕೆಯ ಮೇಲೆ ಅದನ್ನು ಮಾಡಿದಾಗ ಜನ ಶಿಳ್ಳೆ ಹೊಡೆದರು. ಎರಡು ವರ್ಷ ಆ ಕೆಮ್ಮಿಗೆ ತಟ್ಟೆ ಹಿಡಿದವಳು ನಾನು. ಕೈ ಪ್ಲಗ್ಗಿಗೆ ಹೋಯಿತು, ಎಳೆದುಬಿಟ್ಟೆ.

ವಾಮನ ನೋಡಿದ. ನನ್ನ ಕಾಲ ಬಳಿ ಬಿದ್ದ ಪ್ಲಗ್ಗನ್ನು ತಿರುಗಿ ಹಾಕಲು ಎತ್ತಿಕೊಂಡ. ಅಷ್ಟರಲ್ಲಿ ಜಯಸಿಂಹ ಓಡಿ ಬರುವ ಸದ್ದು ಕೇಳಿ, "ನೀವು ಹೋಗಿ ಕೂತ್ಕೊಳ್ಳಿ ಆಂಟಿ, ನಾನು ನೋಡಿಕೊಳ್ತೇನೆ" ಎಂದ. ನಾನು ಹೋಗಿ ಕೂತೆ. ನಿನ್ನ ಮಗ ನಿನಗೂ ಹೇಳದೆ ಇಪ್ಪತ್ತನಾಲ್ಕು ದಿನ ನನ್ನ ಮಾನ ಕಾಯ್ದ, ನಾನು ಚಕ್ಕುಲಿ ತಿಂದೆ. ಆ ಹುಡುಗರ ಮೇಲೆ ಇಷ್ಟುದ್ದ ಅಸಹ್ಯ ಪಟ್ಟೆನಲ್ಲ, ಅದರಲ್ಲಿ ನನ್ನ ಪಾಲನ್ನು ಬರೆಯಲು ಇಷ್ಟು ಹೊತ್ತು ಬೇಕಾಯಿತು.

ಈಗತಾನೆ ಇದನ್ನೆಲ್ಲ ಜಯಸಿಂಹನಿಗೆ ಓದಿ ಹೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ, "ಅಪ್ಪನ ವಾಯ್ಸ್ ನನಗೆ ಬರಲ್ಲ ಅಮ್ಮಾ, ಬೀಟ್ ಭೀ ಬರಲ್ಲ. ಆ ಕೆಮ್ಮೊಂದೇ ಸರಿಯಾಗಿ ಬರ್ತಿತ್ತು" ಎಂದ. ನಮ್ಮದು ಒಂದೇ ಕೋಣೆಯ ಮನೆ. ಆ ಎರಡು ವರ್ಷ ಅದೇ ನೆಲದ ಮೇಲೆ ಅವನೂ ಮಲಗಿದ್ದ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ.

ಭಾನುವಾರ ಅವನು ಗಿಟಾರು ಹೊತ್ತುಕೊಂಡು ನಿಮ್ಮಲ್ಲಿಗೆ ಬರುತ್ತಾನೆ. ವಾಮನ ಅವನಿಗೆ ಎರಡೇಟು ಬಿಟ್ಟರೆ ನೀನು ಅಡ್ಡ ಹೋಗಬೇಡ. ನಾನೂ ಜೊತೆಗಿರುತ್ತೇನೆ. ಮೊದಲು ವಾಮನನ ಎದುರು ನಿಲ್ಲಬೇಕಾದವಳು ನಾನು.

ಸು.