ಕಾಲು ನೋವಿಗೆ ಮನಸ್ಸು ನೋಡಿದವರು

ಹೊಸಹಿಪ್ಪರಗಿ, ಕೃಷ್ಣೆಯ ಎಡದಂಡೆ
ಕ್ರಿ.ಶ. 2341, ಹದಿಮೂರನೆಯ ತಿಂಗಳ ಕೊನೆಯ ದಿನ

ಹಳೆಯ ಕಾಲದ ಖೋ ಖೋ ಆಟಗಾರ್ತಿಗೆ, ಇನ್ನೂ ಬಾರದ ಕಾಲದ ಆಟಗಾರ್ತಿ ದಾನಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ, ಕೈತಪ್ಪಿ ಬರೆದದ್ದಲ್ಲ. ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ನಾವು ಹದಿಮೂರನೆಯ ತಿಂಗಳೊಂದನ್ನು ಕಟ್ಟಿಕೊಂಡಿದ್ದೇವೆ. ಅದರ ಹೆಸರು ಬಿಡುವು. ಆ ತಿಂಗಳಿಡೀ ಮೈದಾನಕ್ಕೆ ಬೀಗ. ಆಟಗಾರರು ಮದುವೆಗಳಿಗೆ ಹೋಗುತ್ತಾರೆ, ಹೊಟ್ಟೆ ತುಂಬ ಹೋಳಿಗೆ ತಿನ್ನುತ್ತಾರೆ, ಯಾರೂ ಅವರ ತೂಕ ಕೇಳುವಂತಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಶಾಲೆಯಲ್ಲಿ ಕಲಿತವಳು, ಅದರಲ್ಲೂ ಹಿಂದಿನ ಬೆಂಚಿನಲ್ಲಿ ಕೂತು ಕಲಿತವಳು. ಅರ್ಥವಾಗದ ಮಾತು ಬಂದಲ್ಲಿ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಉತ್ತರ ಬರೆಯಲಾಗದ ಯಾರಿಗಾದರೂ ಒಂದು ಪತ್ರ ಬರೆಯಿರಿ ಎಂದು ನಮ್ಮ ಮಾಲನಕ್ಕ ತಂಡದವರಿಗೆಲ್ಲ ಹೇಳಿದ್ದಾಳೆ. ಉತ್ತರದ ಭಯವಿಲ್ಲದಿದ್ದರೆ ನಿಜ ತಾನಾಗಿ ಹೊರಬರುತ್ತದೆ ಎಂಬುದು ಅವಳ ಲೆಕ್ಕ. ಒಬ್ಬಳು ತೀರಿಹೋದ ಅಜ್ಜಿಗೆ ಬರೆದಳು, ಇನ್ನೊಬ್ಬಳು ತನ್ನ ನಾಯಿಗೆ. ನಾನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದ ಒಂದು ಚಿಕ್ಕ ವಿಡಿಯೋ ನಮ್ಮಲ್ಲಿ ಉಳಿದಿದೆ. ಹಳದಿ ಬನಿಯನ್ ತೊಟ್ಟ ಹುಡುಗಿಯೊಬ್ಬಳು ಕಂಬದ ಬಳಿ ತಿರುಗುವಾಗ ಸಿಕ್ಕಿಬಿದ್ದು ಔಟಾಗುತ್ತಾಳೆ. ತಲೆಯೊಳಗೆ ಏನು ತುಂಬಿಕೊಂಡಿದ್ದೀಯಾ ಎಂದು ಅಂಚಿನಲ್ಲಿ ನಿಂತವರು ಕೂಗಾಡುತ್ತಾರೆ. ಹುಡುಗಿ ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋಗುತ್ತಾಳೆ. ಅಲ್ಲಿಗೆ ವಿಡಿಯೋ ಮುಗಿಯಿತು. ಆ ಹುಡುಗಿ ನೀವು. ಹೆಸರು ಗೊತ್ತಿಲ್ಲದ್ದರಿಂದ ಅಕ್ಕ ಎನ್ನುತ್ತೇನೆ. ಮುನ್ನೂರು ವರ್ಷಕ್ಕೆ ಹಿರಿಯರಾದವರನ್ನು ಬೇರೆ ಹೇಗೆ ಕರೆಯಲಿ?

ಮಾಲನಕ್ಕ ನಮ್ಮ ತಂಡದ ಮನಗೆಳತಿ. ನಿಮ್ಮಲ್ಲಿ ಇಂಥವರಿಗೆ ಕ್ರೀಡಾ ಮನಶ್ಶಾಸ್ತ್ರಜ್ಞೆ ಎನ್ನುತ್ತಿದ್ದರಂತೆ. ಓಡಿ ಏದುಸಿರು ಬಿಡುವವರ ಬಾಯಲ್ಲಿ ಆ ಹೆಸರು ನಿಲ್ಲಲಿಲ್ಲವೆಂದು ಕಾಣುತ್ತದೆ. ಈಗ ಪ್ರತಿ ತಂಡಕ್ಕೂ ಆಟ ಕಲಿಸುವ ಮಾಸ್ತರರು ಇದ್ದ ಹಾಗೆಯೇ ಒಬ್ಬ ಮನಗೆಳತಿಯೂ ಇರುತ್ತಾಳೆ. ಬೆಳಿಗ್ಗೆ ಅಂಕಣಕ್ಕೆ ಇಳಿಯುವ ಮೊದಲು ನಾವು ಹವಾ ಹೇಳುತ್ತೇವೆ, ಎಂದರೆ ಅವತ್ತು ಒಳಗೆ ಹೇಗಿದೆ ಎಂಬುದನ್ನು ಒಂದೇ ಪದದಲ್ಲಿ ಹೇಳುತ್ತೇವೆ. ಬಿಸಿಲು, ಮೋಡ, ಧೂಳು, ಯಾವುದಾದರೂ ಸರಿ. ಯಾರೂ ಕಾರಣ ಕೇಳುವುದಿಲ್ಲ. ನಮ್ಮ ಸಂಗಪ್ಪ ಮಾಸ್ತರರೂ ಹೇಳಲೇಬೇಕು, ಅವರದು ದಿನಾಲೂ "ಹಸಿವು". ಆಟ ಸೋತರೆ ಊಟದ ಪಂಕ್ತಿಯಲ್ಲಿ ಮೊದಲು ಸೋತವರಿಗೇ ಬಡಿಸುತ್ತಾರೆ, ಗೆದ್ದವರು ಬಡಿಸಲು ನಿಲ್ಲುತ್ತಾರೆ. ಮೈದಾನದ ಮೂಲೆಯಲ್ಲಿ ಸುಮ್ಮನೆಕಟ್ಟೆ ಎಂಬ ಕಲ್ಲುಕಟ್ಟೆ ಇದೆ. ಅದರ ಮೇಲೆ ಕೂತವರನ್ನು ಅವರಾಗಿ ಬಾಯಿ ತೆರೆಯುವತನಕ ಯಾರೂ ಮಾತಾಡಿಸುವಂತಿಲ್ಲ.

ಇವೆಲ್ಲ ಕೇಳಿ ನಗಬೇಡಿ ಅಕ್ಕ, ಇವು ಕೆಲಸ ಮಾಡುತ್ತವೆ. ಮೊದಲ ವರ್ಷ ನಾನು ಪ್ರತಿ ಪಂದ್ಯಕ್ಕೂ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದೆ. ಮಾಲನಕ್ಕ ನನಗೆ ಧೈರ್ಯ ತಂದುಕೋ ಎಂದು ಒಂದು ದಿನವೂ ಹೇಳಲಿಲ್ಲ. ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದನ್ನು ಕಲಿಸಿದಳು. ಕಣ್ಣು ಮುಚ್ಚಿ ಇಡೀ ಓಟವನ್ನು ತಲೆಯೊಳಗೇ ಓಡುವುದನ್ನು ಕಲಿಸಿದಳು. ಓಡುವಾಗ ನನಗೆ ನಾನೇ ಹೇಳಿಕೊಳ್ಳಲು ಒಂದು ಒಳಮಾತು ಹುಡುಕಿಕೊಟ್ಟಳು. "ಇದೊಂದು ಕಂಬ" ಎಂಬುದು ನನ್ನ ಒಳಮಾತು. ಪಂದ್ಯ, ಊರು, ಸೋಲು, ಗೆಲುವು ಎಲ್ಲ ಆಚೆಗೆ, ಸದ್ಯ ಈ ಒಂದು ಕಂಬ ದಾಟಿದರೆ ಸಾಕು. ವಾಂತಿ ನಿಂತಿತು. ಬೆನ್ನಟ್ಟಿ ಬರುವವರಿಗೆ ನಾನು ಸುಲಭಕ್ಕೆ ಸಿಗದವಳಾದೆ. ಆಟ ನನಗೆ ಮತ್ತೆ ಆಟವಾಗಿ ಕಂಡಿತು, ಅದಕ್ಕೆ ನಾನು ಮಾಲನಕ್ಕನಿಗೆ ಸಾಯುವತನಕ ಋಣಿ.

ಇಷ್ಟು ಹೊಗಳಿದ ಮೇಲೆ ಉಳಿದದ್ದನ್ನೂ ಹೇಳಬೇಕಲ್ಲ. ಕಳೆದ ಹಂಗಾಮಿನಲ್ಲಿ ನಮ್ಮ ತಂಡ ಮೊದಲ ಸಲ ಫೈನಲ್ ತಲುಪಿತು. ಹೊಸಹಿಪ್ಪರಗಿಯಂಥ ಊರಿಗೆ ಅದು ಸಣ್ಣ ಮಾತಲ್ಲ. ನಾನಂತೂ ಹುಡುಗಿಯಾಗಿದ್ದಾಗಿನಿಂದ ಆ ಒಂದು ದಿನಕ್ಕಾಗಿಯೇ ಓಡಿದವಳು. ಸೆಮಿಫೈನಲ್ ಮುಗಿದ ಮರುದಿನ ಎಡ ಪಾದ ನೋಯತೊಡಗಿತು. ಮಾಲನಕ್ಕನಿಗೆ ಹೇಳಿದೆ. ಅವಳು ಮೆಲ್ಲಗೆ ತಲೆಯಾಡಿಸಿ, ಫೈನಲ್ ಹತ್ತಿರ ಬಂತಲ್ಲ, ಪಾದ ಏನನ್ನು ಹೊರಲಾರೆ ಎನ್ನುತ್ತಿದೆ ಎಂದು ಕೇಳಿದಳು. ಮಾಸ್ತರರು, ಗೆಳತಿಯರು, ಮನೆಯಲ್ಲಿ ನಮ್ಮವ್ವ ಕೂಡ ಅದನ್ನೇ ಕೇಳಿದರು. ಮನಸ್ಸಿನ ನೋವನ್ನು ನಂಬದ ಕಾಲ ನಿಮ್ಮದಾಗಿತ್ತಂತೆ. ಅದನ್ನು ನಂಬಿ ನಂಬಿ ಕಾಲಿಗೂ ನೋವಾಗುತ್ತದೆ ಎಂಬುದನ್ನೇ ಮರೆತ ಕಾಲ ನಮ್ಮದು.

ನನ್ನ ಕಥೆಯಾದರೂ ಏನು ಕೇಳುತ್ತೀರಿ. ಇಷ್ಟು ಜನ ಹೇಳಿದ ಮೇಲೆ ಇದ್ದರೂ ಇರಬಹುದೆಂದು ನಾನೂ ಒಳಗೆ ಹುಡುಕಿದೆ. ಹುಡುಕಿದರೆ ಸಿಗದೆ ಇರುತ್ತದೆಯೇ? ಚಿಕ್ಕವಳಿದ್ದಾಗ ಬಾವಿ ಇಣುಕಿ ಹೆದರಿದ್ದು ನೆನಪಾಯಿತು. ಮಾಲನಕ್ಕನ ಮುಂದೆ ಕೂತು ಮನಸಾರೆ ಅತ್ತೆ. ಬಹಳ ಹಗುರಾಯಿತು. ಬಾವಿಯ ಭಯ ನಿಜವಾಗಿಯೂ ಹೋಯಿತು, ಈಗ ಯಾವ ಬಾವಿಯನ್ನಾದರೂ ಇಣುಕಬಲ್ಲೆ. ಪಾದ ಮಾತ್ರ ಮೊದಲಿಗಿಂತ ಹೆಚ್ಚು ನೋಯುತ್ತಿತ್ತು.

ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಸುಮ್ಮನೆಕಟ್ಟೆಯ ಮೇಲೆ ಹೋಗಿ ಕೂತೆ. ನಿಯಮದಂತೆ ಎಲ್ಲರೂ ದೂರ ನಿಂತರು. ಬೂಟು ಬಿಚ್ಚಿದೆ. ಪಾದ ಬಾತು ಹೊಳೆಯುತ್ತಿತ್ತು. ಅದನ್ನು ನೋಡಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಮಾಲನಕ್ಕನನ್ನು ಕೂಗಿ ಕರೆದೆ.

"ಅಕ್ಕಾ, ನನ್ನ ಮನಸು ಬರೋಬ್ಬರಿ ಐತಿ. ಕಾಲು ನೋಡು."

ಅವಳು ಮಂಡಿಯೂರಿ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳು ತಾಗಿಸಿದ್ದೇ ತಡ, ನಾನು ಚೀರಿದೆ. ಎಲುಬಿನ ವೈದ್ಯರ ಬಳಿ ಅವಳೇ ನನ್ನನ್ನು ಕರೆದುಕೊಂಡು ಹೋದಳು. ಎಲುಬಿನಲ್ಲಿ ಸಣ್ಣ ಬಿರುಕು. ಮೊದಲ ದಿನವೇ ಬಂದಿದ್ದರೆ ಫೈನಲ್ ಆಡುವ ಸಾಧ್ಯತೆ ಇತ್ತು, ಈಗ ಇಲ್ಲ ಎಂದರು. ಮರುದಿನ ಹವಾ ಹೇಳುವ ಹೊತ್ತಿನಲ್ಲಿ ಮಾಲನಕ್ಕ ತಂಡದ ಮುಂದೆ ನಿಂತು ಎರಡೇ ಮಾತು ಹೇಳಿದಳು.

"ಹುಡುಗಿ ಕಾಲು ಅಂದ್ಲು, ನಾ ಮನಸು ನೋಡ್ಕೋತ ಕುಂತೆ. ತಪ್ಪು ನಂದು."

ಅವಳ ಮೇಲೆ ನನಗೆ ಸಿಟ್ಟಿತ್ತು ಅಕ್ಕ, ಸುಳ್ಳು ಹೇಳುವುದಿಲ್ಲ. ಮೂರು ದಿನ ಮಾತು ಬಿಟ್ಟೆ. ಅವಳು ದಿನವೂ ಬಂದು ಬಾಗಿಲಲ್ಲಿ ಕೂತು, ಶೇಂಗಾ ಸುಲಿದಿಟ್ಟು ಹೋಗುತ್ತಿದ್ದಳು. ಸಮಾಧಾನ ಹೇಳಲಿಲ್ಲ, ಎಲ್ಲ ಒಳ್ಳೆಯದಕ್ಕೇ ಎನ್ನಲಿಲ್ಲ. ನಾಲ್ಕನೆಯ ದಿನ ನಾನೇ ಕೇಳಿದೆ, ಓಡದಿದ್ದರೆ ನಾನು ಯಾರು ಎಂದು. ತನಗೆ ಗೊತ್ತಿಲ್ಲ, ಆದರೆ ಶೇಂಗಾ ತಿನ್ನುವವಳು ದಾನಮ್ಮನ ಹಾಗೇ ಕಾಣುತ್ತಾಳೆ ಎಂದಳು. ನಗು ಬಂದುಬಿಟ್ಟಿತು. ಸಿಟ್ಟು ಅದರ ಹಿಂದೆಯೇ ಹೋಯಿತು.

ಫೈನಲ್ ದಿನ ಅಂಕಣದ ಹೊರಗೆ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಜಾಗದಲ್ಲಿ ಓಡಿದವಳ ಜೊತೆ ಕಣ್ಣಲ್ಲೇ ಪ್ರತಿ ಕಂಬ ಸುತ್ತಿದೆ. ಒಂದೇ ಅಂಕದಲ್ಲಿ ಸೋತೆವು. ನಾನಿದ್ದರೆ ಗೆಲ್ಲುತ್ತಿದ್ದೆವು ಎಂದು ಊರವರು ಇವತ್ತಿಗೂ ಹೇಳುತ್ತಾರೆ. ಇರಬಹುದು. ಆದರೆ ಆ ಮಧ್ಯಾಹ್ನ ಪಂಕ್ತಿಯಲ್ಲಿ ಗೆದ್ದವರು ಬಡಿಸಿದ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯವನ್ನು ಹಸಿದವಳಂತೆ ಉಂಡೆ, ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ. ಸೋತ ದಿನ ಅನ್ನ ಇಳಿಯುವುದೂ ಒಂದು ಕಲಿಕೆಯೇ, ಅದನ್ನು ಕಲಿಸಿದವಳು ಎದುರಿಗೇ ಕೂತಿದ್ದಳು.

ನಿಮ್ಮಲ್ಲಿ ಒಂದು ಮಾತು ಬೇಡಿಕೊಳ್ಳುತ್ತೇನೆ. ಮುಂದೆ ನೀವು ಯಾರಿಗಾದರೂ ಆಟ ಕಲಿಸುವವರಾದರೆ, ಹುಡುಗಿ ಎಲ್ಲಿ ನೋವು ಎನ್ನುತ್ತಾಳೋ ಮೊದಲು ಅಲ್ಲೇ ನೋಡಿ. ಕಾಲು ಎಂದರೆ ಕಾಲು, ಮನಸ್ಸು ಎಂದರೆ ಮನಸ್ಸು.

ಪಾದ ಈಗ ಗುಣವಾಗಿದೆ, ಓಡಬಹುದು ಎಂದು ವೈದ್ಯರು ಹೇಳಿದ್ದಾರೆ. ಬಿಡುವು ಇವತ್ತಿಗೆ ಮುಗಿಯಿತು, ನಾಳೆ ಮೈದಾನದ ಬೀಗ ತೆಗೆಯುತ್ತಾರೆ. ಇಷ್ಟು ಬರೆಯುವಷ್ಟರಲ್ಲಿ ಮಾಲನಕ್ಕ ಬಂದು ಬಾಗಿಲಲ್ಲಿ ನಿಂತಳು. ನಾಳೆಯ ಬಗ್ಗೆ ಕೇಳಿದಳು. ಮತ್ತೆಲ್ಲಿ ಬಿರುಕು ಬಿಡುತ್ತದೋ ಎಂದು ಈ ಸಲ ನಿಜವಾಗಿಯೂ ಹೆದರಿಕೆಯಾಗಿದೆ ಎಂದೆ. ಅವಳು ಕೆಳಗೆ ಕೂತು, ನನ್ನ ಎಡ ಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳನ್ನೂ ಒತ್ತಿ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಬಂದು, ಈಗ ಹೇಳು ಎಂದಳು.

ನಿಮ್ಮ ತಂಗಿ,
ದಾನಮ್ಮ