‘ಆಧರಿಸಿದ’ ಅನ್ನೋ ಶಬ್ದಕ್ಕ ನೀವು ಹೇಳಿದ ಅರ್ಥ

ನನ್ನ ವಕೀಲ ಕಾಕಾ,

ಬಸವಕಲ್ಯಾಣದ ನಿಮ್ಮ ಆಫೀಸಿಗೆ ನಾ ಒಂದು ಕರಾರು ತಗೊಂಡು ಬಂದ ದಿನ ನೆನಪದ ಏನ್ರಿ? ಅಣ್ಣನ ಮಗಳು ಬಂದಾಳಂದ್ರ ಹೊಲದ ಪಾಲಿನ ತಂಟೆನೇ ಇರಬೇಕು ಅಂತ ಕನ್ನಡಕ ಹಾಕ್ಕೊಂಡ್ರಿ. ನೋಡಿದ್ರ ಸಾಫ್ಟ್‌ವೇರಿನ ಲೈಸೆನ್ಸು. "ಇದರಾಗ ರುಜು ಎಲ್ಲದ? ಎದುರು ಪಾರ್ಟಿ ಯಾರು?" ಅಂದ್ರಿ. ರುಜು ಇಲ್ರಿ, ಉಪಯೋಗ ಮಾಡಿದ್ರ ಒಪ್ಪಿದಂಗ, ಅಂದೆ. ಕುರ್ಚಿ ತೋರಿಸಿ, "ಕೂಡು" ಅಂದ್ರಿ.

ಹುಮನಾಬಾದಿನಾಗ ನಾ ಕಂಪ್ಯೂಟರ್ ಕ್ಲಾಸ್ ನಡಸತಿದ್ದ ಕಾಲ ಅದು. ಸಾಲಿ ಲೈಬ್ರರಿಯೊಳಗ ಪುಸ್ತಕದ ಹೆಸರು ಕನ್ನಡದಾಗೇ ಹುಡುಕೋ ಪ್ರೋಗ್ರಾಮ್ ಬರದಿದ್ದೆ. ಒತ್ತಕ್ಷರ ಮೂಡಸೋ ಭಾಗ ಮಾತ್ರ ನಂದಲ್ಲ. ಅದು ದೂರ ದೇಶದಾಂವ ಒಬ್ಬ ಇಂಟರ್ನೆಟ್‌ನಾಗ ಎಲ್ಲರಿಗೂ ಬಿಟ್ಟಿದ್ದು. ಅದನ್ನ ತಂದು, ನಮ್ಮ ಅಕ್ಷರಕ್ಕ ತಕ್ಕಂಗ ತಿದ್ದಿ ಕೂಡಿಸಿದ್ದೆ. ಅವನ ಷರತ್ತು ಒಂದೇ: ಇದನ್ನ ಆಧರಿಸಿ ಏನು ಮಾಡಿ ಹಂಚಿದ್ರೂ ಅದರ ಕೋಡ್ ಎಲ್ಲರಿಗೂ ತೆರದಿಡಬೇಕು. ಅಷ್ಟರಾಗ ಪುಸ್ತಕದ ಅಂಗಡಿ ಶಿವರಾಜಪ್ಪ ಬಂದು, "ಪೂರಾ ಪ್ರೋಗ್ರಾಮಿಗೆ ಬೀಗ ಹಾಕಿ ನನಗೊಬ್ಬಂಗ ಕೊಡ್ರಿ ಬಾಯಾರ, ಜಿಲ್ಲಾದ ಸಾಲಿಗೆಲ್ಲಾ ನಾ ಮುಟ್ಟಸತೇನಿ" ಅಂದಿದ್ದ. ವರ್ಷಗಟ್ಟಲೆ ಮಾಡಿದ ಕೆಲಸ ಮೊದಲ ಸಲ ಊರು ದಾಟೋದಿತ್ತು. ಆದ್ರ ನಂದು ಅವನದನ್ನ ‘ಆಧರಿಸಿದ್ದೋ’, ಬರೇ ಅದರ ಮಗ್ಗಲಿಗೆ ಕೂತದ್ದೋ?

ನೀವು ಆ ಹಾಳಿ ಓದಕೋತ ಕೂತಿದ್ದು ಈಗೂ ಕಣ್ಣಮುಂದ ಅದ. ಶಿವರಾಜಪ್ಪನೂ ಜೋಡಿ ಬಂದಿದ್ದ. "ಹುಮನಾಬಾದಿಗೆ ಬಂದು ಯಾರು ನೋಡತಾರ್ರಿ ವಕೀಲ ಸಾಬ್?" ಅಂದ.

"ಯಾರೂ ನೋಡಂಗಿಲ್ಲ. ನಾ ಅರ್ಥ ಹೇಳಾಕತ್ತೇನಿ, ಸಿಕ್ಕೊಳ್ಳೋದು ಬಿಡೋದು ಬ್ಯಾರೆ ಮಾತು," ಅಂದ್ರಿ ನೀವು, ದನಿ ಏರಸದ. ಆಮ್ಯಾಲ ನನ್ನ ಕಡಿ ತಿರಗಿ, "ಅವನ ಭಾಗ ತೆಗದ್ರ ನಿಂದು ನಡೀತದೇನು?"

"ಹುಡುಕತದ್ರಿ. ಕನ್ನಡ ನೆಟ್ಟಗ ಕಾಣಂಗಿಲ್ಲ."

"ಹಂಗಾರ ಹುಡುಕೋದು ನಿಂದು. ಅವನದನ್ನ ತಿದ್ದಿದ್ದು ಎಲ್ಲರದು, ಅದನ್ನ ತೆರದಿಡು. ಇದು ನನಗ ತಿಳದ ಅರ್ಥ. ಕೋರ್ಟು ಬ್ಯಾರೆ ಹೇಳಬಹುದು. ಬರದಾಂವ ಇನ್ನೂ ಬದುಕ್ಯಾನಲ್ಲ, ಅವನ್ನೇ ಕೇಳಿಬಿಡು."

ಪೂರಾ ಬೀಗ ಇಲ್ಲಂದ್ರ ನನಗ ಬ್ಯಾಡ ಅಂತ ಶಿವರಾಜಪ್ಪ ಎದ್ದು ಹೋದ ಮ್ಯಾಲ ನನಗ ಅಳು ಬಂತು. ನೀವು ಚಹಾ ತರಿಸಿದ್ರಿ. ನಿಮ್ಮ ಅರ್ಥನ ಇಂಗ್ಲಿಷಿನಾಗ ಒಂದೇ ವಾಕ್ಯ ಮಾಡಿಕೊಟ್ರಿ, ನಾ ಅದನ್ನ ಅವನಿಗೆ ಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಫೋನ್ ಮಾಡಿದಾಗೆಲ್ಲಾ "ಅಂವ ಏನಂದ?" ಅಂತ ಮೊದಲು ನೀವೇ ಕೇಳತಿದ್ರಿ. ಆ ಥಂಡಿಯೊಳಗ ನೀವು… ಕಾಕಿ ಫೋನ್ ಬಂದಾಗೂ, ಅದನ್ನೇ ಕೇಳಾಕ ನೀವು ಮಾಡೀರಿ ಅಂತ ತಿಳಿದು ಎತ್ತಿದ್ದೆ.

ನೀವು ಹೋಗಿ, ನಿಮ್ಮ ದಿನಕರ್ಮ ಮುಗದ ಮ್ಯಾಲ ಉತ್ತರ ಬಂತು ಕಾಕಾ. "ಆ ಶಬ್ದ ಬರಿಯೋವಾಗ ನಿಮ್ಮಂಥ ಪ್ರೋಗ್ರಾಮ್ ನನ್ನ ತಲ್ಯಾಗ ಇರಲಿಲ್ಲ. ಅದರ ಗಡಿ ಎಲ್ಲಿಗೆ ಮುಗೀತದ ಅಂತ ನನಗೂ ಗೊತ್ತಿರಲಿಲ್ಲ. ನಿಮ್ಮ ವಕೀಲರು ಹೇಳಿದ್ದು ಸರಿ ಕಾಣತದ" ಅಂತ ಬರದಿದ್ದ. ನಿಮ್ಮ ವಾಕ್ಯನ ತನ್ನ ಲೈಸೆನ್ಸಿನ ಕೆಳಗ ಹಂಗೇ ಸೇರಿಸ್ಯಾನ. ನಾ ತಿದ್ದಿದ ಭಾಗ ತೆರದಿಟ್ಟೆ. ಹುಲಸೂರಿನ ಮಾಸ್ತರೊಬ್ರು ಅದರಿಂದ ಪ್ರಶ್ನೆಪತ್ರಿಕೆ ಮಾಡಾಕತ್ಯಾರ. ಶಿವರಾಜಪ್ಪ ತಿರಗಿ ಬರಲಿಲ್ಲ. ಹುಡುಕೋ ಪ್ರೋಗ್ರಾಮ್ ನಾನೇ ಬಸ್ಸಿನಾಗ ಸಾಲಿ ಸಾಲಿಗೆ ಒಯ್ಯಾಕತ್ತೇನಿ. ಮೊನ್ನೆ ಕೊಡಂಬಲದ ಸಾಲಿ ಆತು.

ನಿನ್ನಿ ಅವನದು ಮತ್ತೊಂದು ಮೇಲ್ ಬಂತು. ‘ಹಂಚೋದು’ ಅಂದ್ರೇನು ಅಂತ ಅಲ್ಲಿ ಯಾರೋ ತಕರಾರು ತಗದಾರಂತ. ಗೆಳೆಯಗ ಒಂದು ಪ್ರತಿ ಕೊಟ್ರ ಅದು ಹಂಚಿದಂಗೇನು? ಒಂದೇ ಆಫೀಸಿನ ಎರಡು ಕಂಪ್ಯೂಟರಿಗೆ ಹಾಕಿದ್ರ? "ನಿಮ್ಮ ವಕೀಲರನ್ನ ಕೇಳಬಹುದೇನು?" ಅಂದಾನ.

ಅವರು ಹೋದ್ರು ಅಂತ ಬರದೆ. ಆದ್ರೂ ಹಾಳಿ ಕಳಸ್ರಿ, ನಾ ಓದತೇನಿ ಅಂತ ಬರದೇನಿ.

ನಿಮ್ಮ
ಮಹಾದೇವಿ